ಹೊತ್ತು ತರಲಾಗದ ದೇವರು

ಕೆ.ಆರ್. ನಗರದ ಭತ್ತದ ಗದ್ದೆಗಳಿಂದ ಹೊರಟು ಹುಣಸೂರು ದಾಟಿ ವೀರನಹೊಸಹಳ್ಳಿಯ ಕಡೆಗೆ ಹೋದರೆ, ನಾಲೆಯ ನೀರು ಮುಗಿದಲ್ಲಿ ಹೊಗೆಸೊಪ್ಪಿನ ಹೊಲ ಶುರುವಾಗುತ್ತದೆ. ಹೊಲ ಮುಗಿದಲ್ಲಿ ಆನೆ ಕಂದಕ, ಕಂದಕದಾಚೆ ನಾಗರಹೊಳೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಮೂರೂ ತಾಲ್ಲೂಕುಗಳು ಒಂದೊಂದು ಮಗ್ಗುಲಲ್ಲಿ ಹೀಗೆ ಕಾಡಿಗೆ ತಾಗಿಕೊಂಡಿವೆ. ಈ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ, ಪುನರ್ವಸತಿ ಕೇಂದ್ರಗಳಲ್ಲಿ ಇಂದು ಇರುವ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳಲ್ಲಿ ಬಹಳಷ್ಟರ ಹಿರಿಯರು ಕಂದಕದ ಒಳಗಡೆ ಬಾಳಿದವರು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ಮೀಸಲು ಪ್ರದೇಶವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹಾಡಿಗಳು ಒಂದೊಂದಾಗಿ ಖಾಲಿಯಾದವು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಪ್ರೊ. ಮುಜಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಾಗ, ಹೀಗೆ ನೆಲೆ ತಪ್ಪಿದ 3,418 ಕುಟುಂಬಗಳಿಗೆ ನ್ಯಾಯ ಸಿಗಬೇಕೆಂದು ಹೇಳಿತು. ಸರ್ಕಾರದ ಬಳಿ ಇದಕ್ಕೊಂದು ಲೆಕ್ಕವಿದೆ. ಹುಲಿ ಮೀಸಲಿನಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ 2008ರಿಂದ 10 ಲಕ್ಷ ರೂಪಾಯಿ, 2021ರಿಂದ 15 ಲಕ್ಷ. ಜಮೀನು, ಮನೆ, ಕೊಳವೆಬಾವಿ, ಅಂಗನವಾಡಿ, ರಸ್ತೆ ಎಲ್ಲವೂ ಈ ಲೆಕ್ಕದೊಳಗೆ ಬರುತ್ತವೆ. ಬಾರದ ಒಂದು ಬಾಬ್ತು ಇದೆ: ಹಾಡಿಯ ದೇವರು ಮತ್ತು ಹಾಡಿಯ ಸತ್ತವರು. ಹಾಡಿಯನ್ನು ಕಾಡಿನಿಂದ ಹೊರಗೆ ತರುವುದನ್ನು ನಾವು ವಸತಿಯ ಪ್ರಶ್ನೆ, ಪರಿಹಾರದ ಪ್ರಶ್ನೆ, ಹೆಚ್ಚೆಂದರೆ ವನ್ಯಜೀವಿಯ ಪ್ರಶ್ನೆ ಎಂದು ಚರ್ಚಿಸುತ್ತ ಬಂದಿದ್ದೇವೆ. ಅದು ಎಲ್ಲಕ್ಕಿಂತ ಮೊದಲು ಧಾರ್ಮಿಕ ಸ್ವಾತಂತ್ರ್ಯದ ಪ್ರಶ್ನೆ ಎಂಬುದು ನನ್ನ ವಾದ.

ಈ ತಪ್ಪನ್ನು ನಮಗಿಂತ ಮೊದಲು, ನಮಗಿಂತ ಬಹಳ ಕ್ರೂರವಾಗಿ ಮಾಡಿದ ದೇಶದ ದಾಖಲೆ ನಮ್ಮ ಮುಂದಿದೆ. 19ನೆಯ ಶತಮಾನದ ಅಮೆರಿಕ ಪಶ್ಚಿಮಕ್ಕೆ ಹಬ್ಬಿದ ಕಥೆಯನ್ನು ನಾವು ಕುದುರೆ, ಬಂದೂಕು, ಚಿನ್ನದ ಕಥೆಯಾಗಿ ಸಿನಿಮಾದಲ್ಲಿ ನೋಡಿದ್ದೇವೆ. ಅದರ ಒಳಗೆ ಧರ್ಮದ ಎಳೆಯೊಂದು ಉದ್ದಕ್ಕೂ ಹರಿದಿದೆ. 1862ರ ಹೋಮ್‌ಸ್ಟೆಡ್ ಕಾಯ್ದೆ, ಉತ್ತು ಬಿತ್ತಿ ಐದು ವರ್ಷ ನೆಲೆ ನಿಂತವನಿಗೆ 160 ಎಕರೆ ಕೊಟ್ಟಿತು. ಬೇಸಾಯ ಮಾಡಿದವನಿಗೆ ಮಾತ್ರ ನೆಲ ಒಲಿಯುತ್ತದೆ, ಬೇಸಾಯ ಕಾಣದ ನೆಲ ಯಾರದೂ ಅಲ್ಲ ಎಂಬ ನಂಬಿಕೆ ಅದರ ಬೆನ್ನಿಗಿತ್ತು. ಆ ನಂಬಿಕೆಗೆ ತಾತ್ವಿಕ ರೂಪ ಕೊಟ್ಟ ಜಾನ್ ಲಾಕ್, ಭೂಮಿಯನ್ನು ದೇವರು ಶ್ರಮಪಡುವವರಿಗೆ ಕೊಟ್ಟಿದ್ದಾನೆ ಎಂದೇ ವಾದಿಸಿದ್ದ. ಲಕೋಟಾ ಜನರಿಗೆ ಪವಿತ್ರವಾದ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲನ್ನು 1868ರ ಫೋರ್ಟ್ ಲಾರಮಿ ಒಪ್ಪಂದ ಅವರಿಗೇ ಬಿಟ್ಟುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, 1877ರಲ್ಲಿ ಸರ್ಕಾರ ಅದನ್ನು ಕಿತ್ತುಕೊಂಡಿತು. 1883ರಲ್ಲಿ ಮೂಲನಿವಾಸಿಗಳ ಸೂರ್ಯನೃತ್ಯದಂಥ ಆಚರಣೆಗಳೇ ಅಪರಾಧವಾದವು. ಸತ್ತ ಹಿರಿಯರು ಮರಳಿ ಬರುತ್ತಾರೆ, ಕಳೆದುಹೋದ ಬಯಲು ಮತ್ತೆ ತುಂಬುತ್ತದೆ ಎಂದು ನಂಬಿ ಲಕೋಟಾ ಜನ ಕುಣಿದ ಪ್ರೇತನೃತ್ಯವನ್ನು ಕಂಡು ಅಧಿಕಾರಿಗಳು ಹೆದರಿದರು. ಆ ಹೆದರಿಕೆ 1890ರ ಡಿಸೆಂಬರ್ 29ರಂದು ವೂಂಡೆಡ್ ನೀಯಲ್ಲಿ ಹೆಂಗಸರು ಮಕ್ಕಳೂ ಸೇರಿ ನೂರೈವತ್ತಕ್ಕೂ ಹೆಚ್ಚು ಜನರ ಹತ್ಯೆಯಲ್ಲಿ ಮುಗಿಯಿತು. ಅದೇ 1890ರ ಜನಗಣತಿ, ಪಶ್ಚಿಮದಲ್ಲಿ ಇನ್ನು ಗಡಿರೇಖೆ ಎಂಬುದು ಉಳಿದಿಲ್ಲ ಎಂದು ಘೋಷಿಸಿತು.

ಬಂದೂಕಿನ ಕಾಲ ಕಳೆದ ಮೇಲೆ ನಡೆದದ್ದು ನಮಗೆ ಇನ್ನೂ ಹತ್ತಿರದ್ದು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬ್ಲ್ಯಾಕ್ ಹಿಲ್ಸ್ ಕಿತ್ತುಕೊಂಡದ್ದಕ್ಕೆ ಸುಮಾರು 10.6 ಕೋಟಿ ಡಾಲರ್ ಪರಿಹಾರ ಸಲ್ಲಬೇಕೆಂದಿತು. ಲಕೋಟಾಗಳೂ ಸೇರಿದ ಸಿಯೂ ಜನ ಆ ಹಣವನ್ನು ಮುಟ್ಟಲಿಲ್ಲ. ಬಡ್ಡಿ ಸೇರಿ ಅದು ನೂರು ಕೋಟಿ ಡಾಲರ್ ದಾಟಿದರೂ, ಅಮೆರಿಕದ ಅತ್ಯಂತ ಬಡ ಪ್ರದೇಶಗಳಲ್ಲಿ ಬದುಕುತ್ತಿರುವ ಆ ಜನ ಇಂದಿಗೂ ಮುಟ್ಟಿಲ್ಲ. ಹಟಮಾರಿತನ ಎಂದು ಇದನ್ನು ತಳ್ಳಿಹಾಕಲಾಗದು. ಹಣ ತೆಗೆದುಕೊಂಡರೆ ಮಾರಿದಂತಾಗುತ್ತದೆ, ಮಾರಲು ಅದು ತಮ್ಮ ಸ್ವತ್ತಲ್ಲ, ತಾವೇ ಅದಕ್ಕೆ ಸೇರಿದವರು ಎಂಬುದು ಅವರ ನಿಲುವು. 1988ರಲ್ಲಿ ಅದೇ ಕೋರ್ಟಿನ ಮುಂದೆ ಕ್ಯಾಲಿಫೋರ್ನಿಯಾದ ಯೂರಕ್, ಕಾರಕ್, ಟೊಲೊವಾ ಜನರ ಮೊರೆ ಬಂತು. ತಮ್ಮವರು ಏಕಾಂತದಲ್ಲಿ ಪ್ರಾರ್ಥಿಸುವ ಎತ್ತರದ ಕಾಡಿನೊಳಗೆ ಅರಣ್ಯ ಇಲಾಖೆ ರಸ್ತೆ ಮಾಡಬಾರದೆಂದು ಅವರು ಕೇಳಿದ್ದರು. ರಸ್ತೆಯಿಂದ ಅವರ ಧರ್ಮಕ್ಕೆ ಭಾರಿ ಪೆಟ್ಟು ಬೀಳಬಹುದೆಂದು ಒಪ್ಪಿಕೊಂಡೇ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಜಾಗ ಸರ್ಕಾರದ್ದು, ಸರ್ಕಾರ ತನ್ನ ಜಾಗವನ್ನು ಬಳಸಿದರೆ ಯಾರ ನಂಬಿಕೆಯನ್ನೂ ತಡೆದಂತಾಗುವುದಿಲ್ಲ ಎಂಬುದು ತರ್ಕ. ಆಮೇಲೆ ಸಂಸತ್ತು ಆ ಪ್ರದೇಶವನ್ನು ರಕ್ಷಿಸಿದ್ದರಿಂದ ರಸ್ತೆ ಪೂರ್ತಿಯಾಗಲಿಲ್ಲ. ತರ್ಕ ಮಾತ್ರ ಕಾನೂನಾಗಿ ಉಳಿಯಿತು. ಆ ತರ್ಕದ ಬೇರನ್ನು ಸಿಯೂ ಚಿಂತಕ ವೈನ್ ಡೆಲೋರಿಯಾ 1973ರಲ್ಲೇ ತನ್ನ 'ಗಾಡ್ ಈಸ್ ರೆಡ್' ಕೃತಿಯಲ್ಲಿ ತೋರಿಸಿದ್ದ. ಕ್ರೈಸ್ತ ಧರ್ಮ ಕಾಲದಲ್ಲಿ ನೆಲೆಸಿದ್ದು: ಸೃಷ್ಟಿ, ಪತನ, ಉದ್ಧಾರ ಎಂಬ ಕಥೆಯನ್ನು ಎಲ್ಲಿಗೆ ಹೊತ್ತೊಯ್ದರೂ ಅದು ಪೂರ್ಣ. ಮೂಲನಿವಾಸಿಗಳ ಧರ್ಮ ಸ್ಥಳದಲ್ಲಿ ನೆಲೆಸಿದ್ದು: ಈ ಬೆಟ್ಟ, ಈ ತೊರೆ, ಈ ಹೂಳಿದ ಜಾಗ. ಗಾಡಿಯಲ್ಲಿ ಬೈಬಲ್ ಇಟ್ಟುಕೊಂಡು ಬಂದವರಿಗೆ ಇನ್ನೊಬ್ಬರ ದೇವರು ಗಾಡಿ ಹತ್ತುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ಈ ವ್ಯತ್ಯಾಸ ಕೆ.ಆರ್. ನಗರವೂ ಸೇರಿದ ನಮ್ಮ ನಾಲ್ಕು ತಾಲ್ಲೂಕುಗಳೊಳಗೇ ಕಣ್ಣಿಗೆ ಕಾಣುವಂತಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರಿಂದ ಟಿಬೆಟನ್ ನಿರಾಶ್ರಿತರು ಬಂದರು. ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುನೆಲವನ್ನು ಕಡಿದು ಹಸನು ಮಾಡಿ ಜೋಳ ಬೆಳೆದರು. ಆ ದುಡಿಮೆಯಲ್ಲಿ ಅವರು ಪಟ್ಟ ಕಷ್ಟ ದೊಡ್ಡದು, ಅವರನ್ನು ಕರೆದು ನೆಲೆ ಕೊಟ್ಟ ನಾಡಿನ ಔದಾರ್ಯವೂ ದೊಡ್ಡದು. 1963ರಲ್ಲಿ ಪೆನೋರ್ ರಿನ್ಪೋಚೆ ನಾಮ್‌ಡ್ರೋಲಿಂಗ್ ವಿಹಾರವನ್ನು ಸ್ಥಾಪಿಸಿದರು. ಗ್ರಂಥ, ಗುರುಪರಂಪರೆ, ವಿಧಿ ಮೂರನ್ನೂ ಹಿಮಾಲಯದಾಚೆಯಿಂದ ತಂದು ಇಲ್ಲಿ ಮತ್ತೆ ನೆಡಲು ಸಾಧ್ಯವಾಯಿತು. ತಾಯ್ನೆಲದ ನೋವು ಅವರಲ್ಲಿ ಇದ್ದೇ ಇದೆ. ಆದರೂ ಧರ್ಮ ಬದುಕಿತು. ಇನ್ನೊಂದು ಉದಾಹರಣೆ ಪಕ್ಕದಲ್ಲೇ, ಕಾವೇರಿಯದು. ಕೃಷ್ಣರಾಜಸಾಗರದ ನೀರು ಏರಿದಾಗ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಮುಳುಗಿತು. ಈಚೆಗೆ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ಆಗಮದಲ್ಲಿ ಇದಕ್ಕೆ ದಾರಿಯಿದೆ. ದೇವರ ಕಲೆಯನ್ನು, ಅಂದರೆ ಶಕ್ತಿಯನ್ನು, ಕುಂಭಕ್ಕೆ ಆಕರ್ಷಿಸಿ, ವಿಗ್ರಹವನ್ನು ಕದಲಿಸಿ, ಬೇರೆಡೆ ಪುನಃಪ್ರತಿಷ್ಠೆ ಮಾಡಬಹುದು. ಜೇನುಕುರುಬರ ಹಾಡಿಗೆ ಅಂಥ ವಿಧಿ ಇಲ್ಲ. ಅವರ ದೇವರು ಒಂದು ಮರದ ಬುಡದಲ್ಲಿ, ಒಂದು ಹಳ್ಳದ ತಿರುವಿನಲ್ಲಿ, ಅಲ್ಲಿ ಓಡಾಡುವ ಹುಲಿಯಲ್ಲಿ ಇದ್ದಾರೆ. ಜೇನು ಇಳಿಸುವ ಮುನ್ನ ಹಾಡುವ ಹಾಡು ಆ ಮರದ, ಆ ಜೇನಿನ ಎದುರು ನಿಂತು ಹಾಡುವಂಥದ್ದು. ಸತ್ತ ಹಿರಿಯರು ಹೂಳಿದ ನೆಲದಲ್ಲೇ ಇದ್ದು ಹಾಡಿಯನ್ನು ಕಾಯುತ್ತಾರೆ. ಕಾಡಿನಿಂದ ಹೊರಗೆ ಕಟ್ಟಿಸಿಕೊಟ್ಟ ಕಾಲೊನಿಯಲ್ಲಿ ಗುಡಿ ಕಟ್ಟಿಸಿಕೊಡಬಹುದು, ಗುಡಿಯೊಳಗೆ ಕೂರುವವರು ಮಾತ್ರ ಬೇರೆ ದೇವರು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಭಾಗದಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಹಾಕಿದಾಗ, ಹಕ್ಕುಪತ್ರದ ಮಾತಿನ ಜೊತೆಗೇ ಹಿರಿಯರ ಮಾತನ್ನೂ ಆಡಿದ್ದು ಈ ಕಾರಣಕ್ಕೆ.

ಅಮೆರಿಕದ ಹೋಲಿಕೆಯೇ ಸಲ್ಲದು ಎನ್ನುವವರಿದ್ದಾರೆ. ಅಲ್ಲಿ ಕಡಲಾಚೆಯಿಂದ ಬಂದವರು ಮೂಲನಿವಾಸಿಗಳನ್ನು ಕೊಂದರು. ಇಲ್ಲಿ ಇಬ್ಬರೂ ಈ ನೆಲದವರು, ಒಂದೇ ಸಂವಿಧಾನದ ಮಕ್ಕಳು, ಸೈನ್ಯ ನುಗ್ಗಿಸಿದವರು ಯಾರೂ ಇಲ್ಲ. ಈ ಮಾತಿನಲ್ಲಿ ಸತ್ಯವಿದೆ, ವೂಂಡೆಡ್ ನೀಯನ್ನು ನಾಗರಹೊಳೆಯ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯ. ನಾನು ಹೋಲಿಸುತ್ತಿರುವುದು ಹಿಂಸೆಯ ಪ್ರಮಾಣವನ್ನಲ್ಲ, ಹಿಂಸೆಯ ಮುನ್ನವೂ ಆಮೇಲೂ ಮನಸ್ಸು ಒಪ್ಪಿಕೊಂಡ ಸಮರ್ಥನೆಯನ್ನು. ಆ ಸಮರ್ಥನೆ ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ಕಳಿಂಗದ ರಕ್ತ ಕಂಡು ಪಶ್ಚಾತ್ತಾಪಪಟ್ಟ ಅಶೋಕ, ಆ ಪಶ್ಚಾತ್ತಾಪವನ್ನು ಕೊರೆಸಿದ 13ನೆಯ ಶಿಲಾಶಾಸನದಲ್ಲೇ ಕಾಡಿನ ಜನರಿಗೆ, ತನಗೆ ಶಿಕ್ಷಿಸುವ ಬಲ ಇನ್ನೂ ಇದೆ ಎಂದು ಎಚ್ಚರಿಸುತ್ತಾನೆ. ಊರಿನವರ ಮೇಲೆ ಹರಿದ ಕರುಣೆ ಕಾಡಿನ ಗಡಿಗೆ ಬಂದು ನಿಂತಿತು. ಮಹಾಭಾರತದಲ್ಲಿ ಇಂದ್ರಪ್ರಸ್ಥದ ಪಕ್ಕದ ಖಾಂಡವವನ್ನು ಕೃಷ್ಣಾರ್ಜುನರು ಅಗ್ನಿಗೆ ಆಹುತಿ ಕೊಡುತ್ತಾರೆ, ಅಗ್ನಿಯ ಹಸಿವು ಎಂಬ ಧರ್ಮದ ಕಾರಣವೇ ಅಲ್ಲೂ ಮುಂದೆ ನಿಲ್ಲುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯದಿರುವುದು ನಮ್ಮ ಪರಂಪರೆಯ ದೊಡ್ಡತನ. ಉರಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಶ್ವಸೇನ ಕರ್ಣನ ಸರ್ಪಾಸ್ತ್ರವಾಗಿ ಕುರುಕ್ಷೇತ್ರಕ್ಕೆ ಬರುತ್ತಾನೆ. ತಕ್ಷಕ ಪರೀಕ್ಷಿತನನ್ನು ಕಚ್ಚುತ್ತಾನೆ. ಜನಮೇಜಯ ಸರ್ಪಯಾಗಕ್ಕೆ ಕೂರುತ್ತಾನೆ. ನಾಗಕನ್ಯೆಗೂ ಋಷಿಗೂ ಹುಟ್ಟಿದ ಆಸ್ತೀಕ ಬಂದು ನಿಲ್ಲಿಸುವವರೆಗೆ ಆ ಬೆಂಕಿ ತಲೆಮಾರುಗಳನ್ನು ದಾಟಿ ಉರಿಯುತ್ತದೆ. ಕಾಡನ್ನು ಸುಟ್ಟು ಮೆರೆದ ರಾಜಧಾನಿ ಎಷ್ಟು ಚೆಲುವಾಗಿದ್ದರೂ ಸುಟ್ಟದ್ದರ ಋಣ ತೀರಲಿಲ್ಲ ಎಂದು ಆ ಕಾವ್ಯಕ್ಕೆ ಗೊತ್ತಿತ್ತು. ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಗೆ ಇನ್ನೊಂದು ಬಗೆಯ ನೆನಪಿದೆ. ವನವಾಸದ ರಾಮ ಅಲ್ಲಿ ಚುಂಚ, ಚುಂಚಿ ಎಂಬ ಕಾಡಿನ ದಂಪತಿಯ ಅತಿಥಿಯಾಗಿದ್ದ ಎನ್ನುತ್ತದೆ ಸ್ಥಳಪುರಾಣ. ಇಂದು ಗದ್ದೆಗಳ ನಡುವೆ ಇರುವ ಕೋದಂಡರಾಮನ ಕ್ಷೇತ್ರ, ಒಂದು ಕಾಲಕ್ಕೆ ಆ ನೆಲದಲ್ಲಿ ಮನೆಯವರಾಗಿದ್ದವರ ಹೆಸರನ್ನೇ ಹೊತ್ತುಕೊಂಡಿದೆ.

ಎರಡನೆಯ ಆಕ್ಷೇಪ ಹುಲಿಯ ಪರವಾಗಿ ಬರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 643 ಚದರ ಕಿಲೋಮೀಟರಿನ ಉದ್ಯಾನ, 2022ರ ಅಂದಾಜಿನಂತೆ 141 ಹುಲಿ. ಸುತ್ತ ಊರು, ಹೊಲ, ಹೆದ್ದಾರಿ. ಹುಲಿಗೆ ನೆಮ್ಮದಿಯ ಜಾಗ ಬೇಕು, ಮನುಷ್ಯ ಒಳಗಿದ್ದರೆ ಇಬ್ಬರಿಗೂ ಅಪಾಯ ಎನ್ನುವ ವಿಜ್ಞಾನಿಗಳ ಮಾತಿಗೆ ದಶಕಗಳ ಅಧ್ಯಯನದ ಬಲವಿದೆ. ಆದರೆ ಮನುಷ್ಯರಿಲ್ಲದ ಕಾಡು ಎಂಬ ಆದರ್ಶಕ್ಕೂ ಒಂದು ಚರಿತ್ರೆಯಿದೆ, ಅದೂ ಅದೇ ಅಮೆರಿಕದ ಪಶ್ಚಿಮದ್ದು. 1872ರಲ್ಲಿ ಯೆಲ್ಲೊಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿ ಶೊಶೋನಿ ಜನ ಬಾಳುತ್ತಿದ್ದರು; ಅವರನ್ನು ಹೊರಗೆ ಕಳಿಸಿದ ಮೇಲೆ, ಅಲ್ಲಿ ಎಂದೂ ಯಾರೂ ಇರಲಿಲ್ಲ ಎಂಬ ಕಥೆ ಹುಟ್ಟಿತು. ಉಳುವವನ ಹಕ್ಕು ಎಂಬ ಮೊದಲ ಸಮರ್ಥನೆ ಕಾಡನ್ನು ಹೊಲ ಮಾಡಿತು, ಪ್ರಕೃತಿಯ ಪಾವಿತ್ರ್ಯ ಎಂಬ ಎರಡನೆಯದು ಉಳಿದ ಕಾಡಿಗೆ ಬೇಲಿ ಹಾಕಿತು, ಎರಡು ಸಲವೂ ಹೊರಗೆ ಹೋದವರು ಅದೇ ಜನ. ನಾಗರಹೊಳೆಯೂ ಮನುಷ್ಯ ಮುಟ್ಟದ ಕಾಡಲ್ಲ. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ ಇದ್ದದ್ದು ಎಚ್.ಡಿ. ಕೋಟೆ ತಾಲ್ಲೂಕಿನ ಕಿತ್ತೂರಿನಲ್ಲಿ, ಕಪಿಲೆಯ ದಡದಲ್ಲಿ. ಬ್ರಿಟಿಷರ ಕಾಲದಿಂದ ನೆಟ್ಟ ತೇಗದ ತೋಪುಗಳು ಉದ್ಯಾನದೊಳಗೇ ಸಾಲುಗಟ್ಟಿ ನಿಂತಿವೆ, ಹುಣಸೂರಿನ ಮರದ ವ್ಯಾಪಾರ ಬೆಳೆದದ್ದು ಈ ಕಾಡಿನ ಮೇಲೆ. ಕಾಕನಕೋಟೆಯ ಖೆಡ್ಡಾಗಳಲ್ಲಿ 1971ರವರೆಗೆ ಆನೆ ಹಿಡಿದರು. ದಾರಿ ತೋರಿದವರೂ ಆನೆ ಪಳಗಿಸಿದವರೂ ಕುರುಬರೇ. 1974ರ ಹೊತ್ತಿಗೆ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಎದ್ದು ಹಳ್ಳಿಗಳನ್ನೂ ಕಣಿವೆಯ ಕಾಡನ್ನೂ ನುಂಗಿತು. 1990ರ ದಶಕದಲ್ಲಿ ಇದೇ ಕಾಡಿನ ಮೂರ್ಕಲ್‌ನಲ್ಲಿ ತಾರಾ ಹೋಟೆಲಿಗೆ ಗುತ್ತಿಗೆ ಕೊಡಲು ಅಡ್ಡಿ ಕಾಣಲಿಲ್ಲ. ಆದಿವಾಸಿಗಳು ಹೋರಾಡಿ 1997ರಲ್ಲಿ ಹೈಕೋರ್ಟಿನಿಂದ ಅದನ್ನು ತಡೆದರು. ಇಷ್ಟೆಲ್ಲವನ್ನು ತಾಳಿಕೊಂಡ ಕಾಡಿಗೆ ಒಂದು ಹಾಡಿಯ ಹೂಳಿದ ಜಾಗ, ಒಂದು ಮರದ ಬುಡದ ಪೂಜೆ ಭಾರವೆಂದು ಹೇಳಬೇಕಾದರೆ ಬಹಳ ಗಟ್ಟಿ ಸಾಕ್ಷ್ಯ ಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಸಮುದಾಯ ಹಕ್ಕನ್ನು ಹುಲಿ ಮೀಸಲಿನೊಳಗೇ ಮಾನ್ಯ ಮಾಡಲಾಯಿತು. 2010ರ ಮತ್ತು 2014ರ ಗಣತಿಗಳ ನಡುವೆ ಅಲ್ಲಿ ಹುಲಿಯ ಸಂಖ್ಯೆ ಕುಸಿಯಲಿಲ್ಲ, ಏರಿತು. ಒಂದು ಬೆಟ್ಟದ ಅನುಭವ ಎಲ್ಲ ಕಾಡಿಗೂ ನಿಯಮವಾಗದು, ನಿಜ. ಹುಲಿಯೋ ಹಾಡಿಯೋ ಎಂದು ಆರಿಸಲೇಬೇಕು ಎಂಬ ಮಾತನ್ನಾದರೂ ಅದು ಸಡಿಲಿಸುತ್ತದೆ.

ಮೂರನೆಯ ಆಕ್ಷೇಪವೇ ನನಗೆ ಅತ್ಯಂತ ಕಠಿಣವಾಗಿ ಕಾಣುವುದು, ಏಕೆಂದರೆ ಅದು ಕನ್ನಡದ ಒಳಗಿನಿಂದಲೇ ಬರುತ್ತದೆ. ಸ್ಥಾವರಕ್ಕೆ ಅಳಿವಿದೆ, ಜಂಗಮಕ್ಕೆ ಇಲ್ಲ ಎಂಬ ಅರಿವನ್ನು 12ನೆಯ ಶತಮಾನದ ಶರಣರು ನಮಗೆ ಕೊಟ್ಟರು. ದೇವರು ಕಲ್ಲು, ಮರ, ಕ್ಷೇತ್ರಗಳಲ್ಲಿ ಕಟ್ಟುಬಿದ್ದವನಲ್ಲ, ದೇಹವೇ ದೇಗುಲ, ಇಷ್ಟಲಿಂಗ ಅಂಗೈಯಲ್ಲಿ ಎಲ್ಲಿಗೂ ಬರುತ್ತದೆ. ಹಾಗಿರುವಾಗ ಒಂದು ಹಳ್ಳದ ತಿರುವಿಗೆ ಅಂಟಿಕೊಂಡ ಭಕ್ತಿ ಕಡಿಮೆ ಮಟ್ಟದ್ದಲ್ಲವೆ, ಅದನ್ನು ದಾಟಿ ಬರುವುದೇ ಆ ಜನರಿಗೂ ಒಳಿತಲ್ಲವೆ ಎಂದು ಕೇಳಬಹುದು. ಇದಕ್ಕೆ ಉತ್ತರ ಶರಣರ ಬದುಕಿನಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಅವರು ಸ್ಥಾವರವನ್ನು ಒಲ್ಲೆನೆಂದದ್ದು ಉಳ್ಳವರ ಗುಡಿಯನ್ನು ಎದುರಿಗಿಟ್ಟುಕೊಂಡು. ಗುಡಿ ಕಟ್ಟಲಾರದವನ, ಗುಡಿಯೊಳಗೆ ಕಾಲಿಡಲಾಗದವನ ಪಕ್ಕದಲ್ಲಿ ನಿಂತು ಆಡಿದ ಮಾತದು. ಬಲವುಳ್ಳವನು ಬಲವಿಲ್ಲದವನಿಗೆ ನಿನ್ನ ದೇವರ ಜಾಗ ಬಿಡು ಎಂದು ಹೇಳುವಾಗ ಆ ಮಾತನ್ನು ಎತ್ತಿಕೊಂಡರೆ ಅದರ ಮುಖವೇ ತಿರುಗಿಹೋಗುತ್ತದೆ. ಜಂಗಮತ್ವ ತಾನಾಗಿ ಕೈಗೊಳ್ಳುವ ವ್ರತ. ಇನ್ನೊಬ್ಬರ ಕೈಗೆ ನೋಟಿಸು ಕೊಟ್ಟು ಅದನ್ನು ಹೇರಲು ಬರುವುದಿಲ್ಲ. ಸ್ವತಃ ನಾವಾದರೂ ಸ್ಥಳವನ್ನು ಬಿಟ್ಟಿಲ್ಲ. ತಲಕಾವೇರಿಗೆ, ಚಾಮುಂಡಿ ಬೆಟ್ಟಕ್ಕೆ ಹೋಗುವವರು ಅಲ್ಲಿಯ ನೆಲವೇ ಬೇರೆ ಎಂದು ನಂಬಿ ಹೋಗುತ್ತಾರೆ. ಅಭಿವೃದ್ಧಿಗಾಗಿ ಚಾಮುಂಡಿಯನ್ನು ಬೇರೊಂದು ಗುಡ್ಡಕ್ಕೆ ಸಾಗಿಸೋಣ ಎಂದು ಯಾವ ಸರ್ಕಾರವೂ ಹೇಳದು. ಸಂಖ್ಯೆಯಲ್ಲಿ ದೊಡ್ಡದಾದ ಸಮುದಾಯದ ಸ್ಥಳಭಕ್ತಿ ಪರಂಪರೆ ಎನಿಸಿಕೊಳ್ಳುತ್ತದೆ, ಚಿಕ್ಕ ಸಮುದಾಯದ್ದು ಹಿಂದುಳಿದಿರುವಿಕೆ ಎನಿಸಿಕೊಳ್ಳುತ್ತದೆ. ಈ ತಾರತಮ್ಯವನ್ನು ಶರಣರ ಹೆಸರಿನಲ್ಲಿ ಮಾಡಲಾಗದು.

ಹೊರಗೆ ಬರಲು ಬಯಸುವವರೂ ಇದ್ದಾರೆ. ಮಕ್ಕಳಿಗೆ ಶಾಲೆ, ಹೆರಿಗೆಗೆ ಆಸ್ಪತ್ರೆ, ರಾತ್ರಿ ದೀಪ, ಆನೆಯ ಭಯವಿಲ್ಲದ ನಿದ್ದೆ ಯಾರಿಗೆ ಬೇಡ? 1990ರ ದಶಕದ ಕೊನೆಯಲ್ಲಿ ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಬಂದವರಲ್ಲಿ ನೆಲೆ ಕಂಡವರಿದ್ದಾರೆ, ಕೊಡಗಿನ ಕಾಫಿ ತೋಟಗಳ ಕೂಲಿಗೆ ಹೋದವರೂ ಇದ್ದಾರೆ. ಅವರ ಪರವಾಗಿ ನಿರ್ಧರಿಸುವ ಹಕ್ಕು ನನಗಿಲ್ಲ, ಕಾಡಿನೊಳಗೇ ಇರಿ ಎಂದು ಹೇಳುವ ಹಕ್ಕಂತೂ ಇಲ್ಲವೇ ಇಲ್ಲ. ಆದರೆ ಉಳಿಯುವುದೂ ಒಂದು ಆಯ್ಕೆಯಾಗಿದ್ದಾಗ ಮಾತ್ರ ಹೊರಡುವುದು ಸ್ವಇಚ್ಛೆ. ಉಳಿದವನಿಗೆ ಹಕ್ಕುಪತ್ರವಿಲ್ಲ, ರಸ್ತೆಯಿಲ್ಲ, ಕರೆಂಟಿಲ್ಲ, ಬೇಸಾಯಕ್ಕೆ ಅನುಮತಿಯಿಲ್ಲ ಎನ್ನುವಾಗ ಹಾಕಿದ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಕರೆಯುವುದಕ್ಕೆ ನನಗೆ ಮನಸ್ಸು ಬಾರದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಅಮೆರಿಕಕ್ಕಿಂತ ಮುಂದಿದೆ. ನಾಗರಹೊಳೆಯ ಚರ್ಚೆಯಲ್ಲಿ ಈ ಸಂಗತಿಗೆ ಸಿಗಬೇಕಾದ ತೂಕ ಸಿಕ್ಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರಿಗೆ ಆದದ್ದು ಚಾರಿತ್ರಿಕ ಅನ್ಯಾಯ ಎಂದು ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿಯ ಹಕ್ಕು ಪಡೆಯದೆ ಅಕ್ರಮವಾಗಿ ಹೊರಹಾಕಲ್ಪಟ್ಟವರಿಗೆ, ಮೊದಲಿದ್ದ ಜಾಗದಲ್ಲೇ ನೆಲೆ ಅಥವಾ ಬದಲಿ ಭೂಮಿ ಕೇಳುವ ಹಕ್ಕನ್ನೂ ಕೊಟ್ಟಿದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಗಾರಿಕೆಯ ಪ್ರಶ್ನೆ ಬಂದಾಗ, 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಸಂವಿಧಾನದ 25ನೆಯ ವಿಧಿಯ ಜೊತೆಗಿಟ್ಟು ಓದಿತು. ಬೆಟ್ಟದ ನೆತ್ತಿಯಲ್ಲಿ ಡೋಂಗ್ರಿಯಾ ಕೋಂಧರ ದೇವರು ನಿಯಮರಾಜ ಇದ್ದಾನೆ. ಗಣಿ ಬಂದರೆ ಅವನ ಪೂಜೆಯ ಹಕ್ಕಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ಪರಿಗಣಿಸಬೇಕು ಎಂದಿತು. ಹನ್ನೆರಡು ಗ್ರಾಮಸಭೆಗಳು ಸೇರಿದವು, ಹನ್ನೆರಡೂ ಗಣಿ ಬೇಡವೆಂದವು, ಯೋಜನೆ ನಿಂತಿತು. ಕ್ಯಾಲಿಫೋರ್ನಿಯಾದ ಕಾಡಿನವರಿಗೆ 1988ರಲ್ಲಿ ಸಿಗದ ಉತ್ತರ ಒಡಿಶಾದ ಕಾಡಿನವರಿಗೆ ಸಿಕ್ಕಿತು. ಗಣಿಗಾರಿಕೆಯ ಎದುರು ನಿಂತ ದೇವರಿಗೆ ಸಿಕ್ಕ ಮನ್ನಣೆ ಸಂರಕ್ಷಣೆಯ ಎದುರು ನಿಂತ ದೇವರಿಗೆ ಸಿಗದಿರಲು ತತ್ವದಲ್ಲಿ ಕಾರಣವಿಲ್ಲ. ಉದ್ದೇಶ ಎಷ್ಟೇ ಒಳ್ಳೆಯದಾದರೂ ದೇವರ ಜಾಗ ಹೋಗುವುದು ಒಂದೇ ರೀತಿ.

ಇದನ್ನು ಒಪ್ಪಿದರೆ ಕೆಲಸದ ಕ್ರಮವೇ ಬದಲಾಗುತ್ತದೆ. ಪ್ಯಾಕೇಜಿನ ಮಾತು ಬರುವ ಮುನ್ನ ಪ್ರತಿ ಹಾಡಿಯ ಗ್ರಾಮಸಭೆ ತನ್ನ ದೇವರ ತಾಣಗಳನ್ನೂ ಹೂಳಿದ ಜಾಗಗಳನ್ನೂ ಗುರುತಿಸಬೇಕು; ಅರಣ್ಯ ಹಕ್ಕು ಸಮಿತಿ ಅವನ್ನು ನಕ್ಷೆಯಲ್ಲಿ ದಾಖಲಿಸಬೇಕು; ಅವನ್ನು ಬಿಟ್ಟು ಹೋಗಲು ಒಪ್ಪುತ್ತೀರಾ ಎಂದು ಬೇರೆಯಾಗಿ, ಬಿಡುವಾಗಿ ಕೇಳಬೇಕು. ಇಲ್ಲವೆಂದರೆ ಇಲ್ಲ. ಈಗಾಗಲೇ ಹೊರಗೆ ಬಂದವರ ವಿಷಯ ಇನ್ನೂ ಸುಲಭ, ಅದಕ್ಕೆ ಹೊಸ ಕಾನೂನೂ ಬೇಡ. ಪ್ರವಾಸಿಗರನ್ನು ದಿನಕ್ಕೆ ಎರಡು ಹೊತ್ತು ಸಫಾರಿ ಬಸ್ಸಿನಲ್ಲಿ ಒಳಗೆ ಕರೆದೊಯ್ಯುತ್ತ ಬಂದ ಉದ್ಯಾನ, ನಾಗಾಪುರದ ಒಂದು ಕುಟುಂಬ ತನ್ನ ಹಿರಿಯರಿಗೆ ಎಡೆ ಇಟ್ಟು ಬರಲು ಹೊರಟಾಗ ಯಾರ ಅಪ್ಪಣೆಗೂ ಕಾಯಿಸಬಾರದು. ಪ್ರತಿ ವರ್ಷ ದಸರೆಗೆ ಮುನ್ನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಪೂಜೆ ನಡೆಯುತ್ತದೆ. ಮಂತ್ರಿಗಳು ಬರುತ್ತಾರೆ, ಪೂರ್ಣಕುಂಭ ಬರುತ್ತದೆ, ಆನೆಗಳನ್ನು ನಡೆಸುವ ಮಾವುತರು ಕಾವಾಡಿಗಳಲ್ಲಿ ಹಲವರು ಜೇನುಕುರುಬರು. ಅದೇ ಗೇಟಿನಿಂದ ಅವರ ಬಂಧುಗಳು ಒಳಗೆ ಹೋಗಿ ತಮ್ಮ ಪೂಜೆ ಮುಗಿಸಿ ಬರುವ ಹಕ್ಕನ್ನು ಮೈಸೂರು ಜಿಲ್ಲಾ ಮಟ್ಟದ ಅರಣ್ಯ ಹಕ್ಕು ಸಮಿತಿಯೇ ಬರಹದಲ್ಲಿ ಕೊಡಬಹುದು.